ಹಳೆ ಪುಸ್ತಕದಲ್ಲೇ ಆಡುವವರ ಲೆಕ್ಕಾಚಾರ

"ಹೊಸಾ ಬುಕ್ ಬಂದಾವ, ತರಸೂಣೇನು?"

"ಹಳೇವಕ್ಕ ಏನ್ ಆಗೇತಿ?"

ಬೆಳಗಾವಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಕೂತ ನಮ್ಮಂಥವರ ನಡುವೆ ಈ ಮಾತು ಈಗ ಸಾಮಾನ್ಯ. 2024ರ ಸೆಪ್ಟೆಂಬರ್‌ನಲ್ಲಿ ಈ ಆಟದ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂತು. ನವೆಂಬರ್‌ನಲ್ಲಿ ಡಂಜನ್ ಮಾಸ್ಟರ್ಸ್ ಗೈಡ್ ಬಂತು. 2025ರ ಫೆಬ್ರವರಿಯಲ್ಲಿ ಮಾನ್ಸ್ಟರ್ ಮ್ಯಾನ್ಯುಯಲ್ ಬಂದು ಮೂರು ಮುಖ್ಯ ಪುಸ್ತಕಗಳೂ ಮುಗಿದವು. ಹತ್ತು ವರ್ಷ ಹಳೆಯದಾದ 2014ರ ಪುಸ್ತಕಗಳನ್ನು ಕಪಾಟಿಗೆ ಸೇರಿಸಿ ಹೊಸದಕ್ಕೆ ಹೋಗಬೇಕಾ, ಇದ್ದದ್ದರಲ್ಲೇ ಮುಂದುವರಿಯಬೇಕಾ ಎಂಬುದು ಪ್ರಶ್ನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೆ ಎಡಿಷನ್‌ನಲ್ಲಿ ಉಳಿಯುವವರಿಗೆ ಗಟ್ಟಿ ಕಾರಣಗಳಿವೆ. ಆದರೆ ಹಳೆ ನಿಯಮ ಚೆನ್ನಾಗಿದೆ ಅನ್ನುವುದಕ್ಕೆ ಆ ಕಾರಣಗಳಲ್ಲಿ ಕೊನೆಯ ಜಾಗ. ಹಲವು ಕಡೆ ಹೊಸ ನಿಯಮವೇ ಉತ್ತಮ. ಜನ ಉಳಿಯುವುದು ಬೇರೆ ಕಾರಣಕ್ಕೆ: ಒಂದು ಟೇಬಲ್ ಒಟ್ಟಿಗೆ ಕಲಿತದ್ದು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಮತ್ತೆ, ಕೈಯಲ್ಲಿರುವ ಪುಸ್ತಕವನ್ನು ಯಾರೂ ದೂರದಿಂದ ತಿದ್ದಲು ಆಗುವುದಿಲ್ಲ.

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ನಾಲ್ಕೈದು ಜನ ಒಂದು ಟೇಬಲ್ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಅವರು ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲೂ ಡಿಎಂ. ಉಳಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಬಾಗಿಲು ಮುರಿಯಬೇಕು, ಕಾವಲುಗಾರನಿಗೆ ಸುಳ್ಳು ಹೇಳಬೇಕು, ಡ್ರ್ಯಾಗನ್‌ಗೆ ಕತ್ತಿ ಬೀಸಬೇಕು ಅಂದರೆ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಬಿದ್ದ ಸಂಖ್ಯೆಗೆ ಏನರ್ಥ ಎಂದು ಪುಸ್ತಕ ಹೇಳುತ್ತದೆ. ಗೆಲುವು ಸೋಲು ಇಲ್ಲ. ಕಥೆ ವಾರದಿಂದ ವಾರಕ್ಕೆ ಬೆಳೆಯುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ. ನಮ್ಮ ಕಡೆ ಕಥೆ ಕನ್ನಡದಲ್ಲಿ, ತಮಾಷೆ ಮರಾಠಿಯಲ್ಲಿ, ನಿಯಮದ ಜಗಳ ಇಂಗ್ಲಿಷಿನಲ್ಲಿ ನಡೆಯುತ್ತದೆ.

ವರ್ಷಗಟ್ಟಲೆ ಎಂಬುದನ್ನು ಗಮನಿಸಿ. ಕೇರಂ ಆಟದ ನಿಯಮ ನಾಳೆ ಬದಲಾದರೆ ನಾಳೆಯ ಆಟದಿಂದ ಪಾಲಿಸಿದರಾಯಿತು. ಇಲ್ಲಿ ಹಾಗಲ್ಲ. ಅರ್ಧ ಕಥೆ ಮುಗಿದಿರುತ್ತದೆ, ಪಾತ್ರಗಳು ಬೆಳೆದು ನಿಂತಿರುತ್ತವೆ. ಮಧ್ಯದಲ್ಲಿ ನಿಯಮ ಬದಲಾದರೆ ನಿಮ್ಮ ಪಾತ್ರಕ್ಕೆ ನಿನ್ನೆ ಬರುತ್ತಿದ್ದ ವಿದ್ಯೆ ಇವತ್ತು ಬರುವುದಿಲ್ಲ.

ಪ್ರತಿ ಸಲವೂ ಒಂದಷ್ಟು ಜನ ಹಿಂದೆ ಉಳಿದರು

ಈ ಆಟ ಮೊದಲು ಬಂದದ್ದು 1974ರಲ್ಲಿ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಪ್ರಕಟಿಸಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನ ಟಿಎಸ್ಆರ್ ಕಂಪನಿ. 1977ರಿಂದ 1979ರವರೆಗೆ ಅಡ್ವಾನ್ಸ್ಡ್ ಹೆಸರಿನ ಮೂರು ದಪ್ಪ ಪುಸ್ತಕ ಬಂದವು. 1989ರಲ್ಲಿ ಎರಡನೇ ಎಡಿಷನ್. ಮಕ್ಕಳು ಹಾಳಾಗುತ್ತಾರೆ ಎಂದು ಅಲ್ಲಿನ ಪೋಷಕರ ಗದ್ದಲ ಜೋರಾಗಿದ್ದ ಕಾಲ ಅದು. ಹಾಗಾಗಿ ರಾಕ್ಷಸರ ಹೆಸರನ್ನೇ ಬದಲಿಸಿದರು, ಅಸಾಸಿನ್, ಅಂದರೆ ಗುಪ್ತ ಹಂತಕ, ಎಂಬ ಪಾತ್ರವರ್ಗವನ್ನು ಕೈಬಿಟ್ಟರು. ಒಂದಷ್ಟು ಜನ ಆಗಲೇ "ನಮಗೆ ಹಳೇದೇ ಸಾಕು" ಅಂದರು. 1997ರಲ್ಲಿ ಟಿಎಸ್ಆರ್ ಅನ್ನು ವಿಜರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತು. 1999ರಲ್ಲಿ ಆ ಕಂಪನಿಯನ್ನೇ ಆಟಿಕೆ ದೈತ್ಯ ಹ್ಯಾಸ್‌ಬ್ರೋ ಕೊಂಡಿತು. 2000ದಲ್ಲಿ ಮೂರನೇ ಎಡಿಷನ್, 2003ರಲ್ಲಿ ಅದರ ತಿದ್ದುಪಡಿಯಾದ 3.5, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು.

2024ರದ್ದು ಆರನೆಯದು ಎಂದು ಕಂಪನಿ ಹೇಳುವುದಿಲ್ಲ. ಇದೂ ಐದನೆಯದೇ, ತಿದ್ದಿದ್ದೇವೆ ಅಷ್ಟೆ, ಹಳೆಯ ಸಾಹಸಗಳನ್ನು, ಅಂದರೆ ಅಚ್ಚಾಗಿ ಬಂದ ಸಿದ್ಧ ಕಥೆಗಳನ್ನು, ಇದರಲ್ಲೂ ಆಡಬಹುದು ಅನ್ನುತ್ತದೆ. ಆಡುವವರು ತಮ್ಮ ಪಾಡಿಗೆ 5.5 ಅನ್ನುತ್ತಾರೆ. ಈ ಗೊಂದಲವೇ ಜಗಳಕ್ಕೆ ಅರ್ಧ ಕಾರಣ. ಪೂರ್ತಿ ಬೇರೆ ಆಟವಾಗಿದ್ದರೆ ಬೇಕೋ ಬೇಡವೋ ಎಂದು ಹೇಳುವುದು ಸುಲಭವಿತ್ತು. ಇಲ್ಲಿ ಮುಕ್ಕಾಲು ಭಾಗ ಒಂದೇ ತರ ಇದೆ. ಉಳಿದ ಕಾಲು ಭಾಗ ಆಟದ ನಡುವೆ ತಟ್ಟನೆ ಎದುರಾಗುತ್ತದೆ.

ಹಳೆಯದರಲ್ಲಿ ಉಳಿದವರ ಚರಿತ್ರೆಯಲ್ಲಿ ಎರಡು ಘಟನೆ ದೊಡ್ಡವು. ಮೂರನೇ ಎಡಿಷನ್ ಜೊತೆ ವಿಜರ್ಡ್ಸ್ ಕಂಪನಿ ಓಪನ್ ಗೇಮ್ ಲೈಸೆನ್ಸ್ ಎಂಬ ಒಪ್ಪಂದ ತಂದಿತು. ಇದನ್ನು ಓಜಿಎಲ್ ಅನ್ನುತ್ತಾರೆ. ಆಟದ ನಿಯಮಗಳ ಒಂದು ದೊಡ್ಡ ಭಾಗವನ್ನು ಯಾರು ಬೇಕಾದರೂ ಬಳಸಿ ಪುಸ್ತಕ ಬರೆದು ಮಾರಬಹುದು ಎಂದು ಅದರಲ್ಲಿತ್ತು. ನಾಲ್ಕನೇ ಎಡಿಷನ್ ಬಂದಾಗ ಆ ಉದಾರತೆ ಹೋಯಿತು, ಬಿಗಿಯಾದ ಬೇರೆ ಒಪ್ಪಂದ ಬಂತು. ಅಷ್ಟು ದಿನ ಈ ಆಟದ ಪತ್ರಿಕೆಗಳನ್ನು ಪ್ರಕಟಿಸುತ್ತಿದ್ದ ಪೈಜೊ ಎಂಬ ಸಣ್ಣ ಕಂಪನಿ ಹೊಸದಕ್ಕೆ ಹೋಗಲೇ ಇಲ್ಲ. 3.5ರ ಮುಕ್ತ ನಿಯಮ ಹಿಡಿದುಕೊಂಡು, ತಿದ್ದಿ, 2009ರಲ್ಲಿ ಪಾತ್‌ಫೈಂಡರ್ ಎಂಬ ಆಟ ತಂದಿತು. ಹಳೆಯದು ಬಿಡಲು ಮನಸ್ಸಿಲ್ಲದವರೆಲ್ಲ ಅದರ ಹಿಂದೆ ಹೋದರು. ಅಮೆರಿಕದ ಅಂಗಡಿಗಳ ಮಾರಾಟ ಸಮೀಕ್ಷೆಯಲ್ಲಿ ಅದು ಕೆಲಕಾಲ ಮೂಲ ಆಟವನ್ನೇ ಹಿಂದೆ ಹಾಕಿತು.

ಎರಡನೆಯದು ಇನ್ನೂ ಜಾಣತನದ್ದು. 2006ರಲ್ಲಿ ಒಸ್ರಿಕ್ ಎಂಬ ಪುಸ್ತಕ ಬಂತು. ಮೂರನೇ ಎಡಿಷನ್‌ನ ಮುಕ್ತ ಪಠ್ಯವನ್ನು ಬಳಸಿ ಅದರಲ್ಲಿ ಮೊದಲ ಅಡ್ವಾನ್ಸ್ಡ್ ಎಡಿಷನ್‌ನ ನಿಯಮಗಳನ್ನು ಹೊಸ ಮಾತಿನಲ್ಲಿ ಬರೆದಿದ್ದರು. ಇದು ಹೇಗೆ ಸಾಧ್ಯ? ಅಮೆರಿಕದ ಕಾನೂನಿನಲ್ಲಿ ಆಟ ಆಡುವ ವಿಧಾನಕ್ಕೆ ಕಾಪಿರೈಟ್ ಇಲ್ಲ, ಅದನ್ನು ಬರೆದ ಮಾತಿಗೆ ಮಾತ್ರ ಇದೆ. ನಮ್ಮಲ್ಲೂ ಕಲ್ಪನೆಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಎಂದು 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಸ್ರಿಕ್ ನಂತರ ಇಂಥ ಪುಸ್ತಕಗಳ ಸಾಲೇ ಬಂತು. ಇದೇ ಆಟದ 1981ರ ಸರಳ ರೂಪದ ನಿಯಮಗಳನ್ನು ಅಚ್ಚುಕಟ್ಟಾಗಿ ಮತ್ತೆ ಬರೆದ ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್ 2019ರದ್ದು. ಹಳೆಯ ಆಟಕ್ಕೆ ಹೊಸ ಪುಸ್ತಕ ಬರೆದು ಬದುಕುವ ಒಂದು ಸಣ್ಣ ಉದ್ಯಮವೇ ಈಗ ಇದೆ.

ಚದುರಂಗದಲ್ಲೂ ಹೀಗೆ ಹಳೆ ನಿಯಮ ಉಳಿದಿತ್ತು. ನಮ್ಮ ದೇಶದ ಹಳೆ ಪದ್ಧತಿಯಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕಲಿತದ್ದು ಆ ತರದ ಆಟ. ಅವರು 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಯುರೋಪಿನ ನಿಯಮದಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಎರಡೂ ಪದ್ಧತಿ ಬಹಳ ಕಾಲ ಒಟ್ಟಿಗೆ ಬಾಳಿದವು, ಯಾಕೆಂದರೆ ಚದುರಂಗಕ್ಕೆ ಮಾಲೀಕರಿಲ್ಲ. ಈ ವರ್ಷ ಇಷ್ಟು ಪುಸ್ತಕ ಮಾರಲೇಬೇಕು ಎಂದು ಕೂತವರು ಯಾರೂ ಇರಲಿಲ್ಲ.

ಪೇಪರ್ ಎಲ್ಲಿದೆ, ಸರ್ವರ್ ಎಲ್ಲಿದೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಮಾಲೀಕರಿದ್ದಾರೆ. ಅವರ ಕಷ್ಟವನ್ನೂ ಅರ್ಥ ಮಾಡಿಕೊಳ್ಳಬೇಕು. 2022ರ ಡಿಸೆಂಬರ್‌ನಲ್ಲಿ ವಿಜರ್ಡ್ಸ್‌ನ ಆಗಿನ ಮುಖ್ಯಸ್ಥೆ ಸಿಂಥಿಯಾ ವಿಲಿಯಮ್ಸ್ ಹೂಡಿಕೆದಾರರ ಮುಂದೆ ಒಂದು ಲೆಕ್ಕ ಇಟ್ಟರು. ಆಡುವವರಲ್ಲಿ ಡಿಎಂಗಳು ಸುಮಾರು ಶೇ 20 ಮಾತ್ರ, ಆದರೆ ದುಡ್ಡು ಖರ್ಚು ಮಾಡುವುದು ಹೆಚ್ಚಾಗಿ ಅವರೇ. ಈ ಆಟದಿಂದ ಬರಬೇಕಾದಷ್ಟು ಹಣ ಬರುತ್ತಿಲ್ಲ ಎಂಬುದು ಅವರ ಮಾತಿನ ಸಾರ.

ಬೆಳಗಾವಿಯ ಟೇಬಲ್ ನೋಡಿದರೆ ಅವರ ಲೆಕ್ಕ ಸರಿ ಅನಿಸುತ್ತದೆ. ಪುಸ್ತಕ ತರಿಸುವವನು ಒಬ್ಬನೇ, ಡಿಎಂ. ಉಳಿದವರು ಅದನ್ನೇ ನೋಡಿ ಆಡುತ್ತಾರೆ. ಹ್ಯಾಂಡ್‌ಬುಕ್ ಹಾಸ್ಟೆಲಿನಿಂದ ಹಾಸ್ಟೆಲಿಗೆ, ಟಿಳಕವಾಡಿಯಿಂದ ಉದ್ಯಮಬಾಗಕ್ಕೆ ಓಡಾಡುತ್ತದೆ. ವಾಪಸ್ ಬರುವಾಗ ಒಂದೆರಡು ಪುಟಕ್ಕೆ ಚಹಾದ ಕಲೆ ಇರುತ್ತದೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದು ಪುಸ್ತಕ, ಐದಾರು ಜನ, ಹತ್ತು ವರ್ಷ. ಕಂಪನಿ ದೃಷ್ಟಿಯಲ್ಲಿ ಇದು ಭಯಂಕರ ವ್ಯಾಪಾರ!

ಉಳಿದ ಶೇ 80 ಜನರಿಂದಲೂ ಹಣ ಬರಬೇಕು ಎಂದರೆ ಆಟ ಪುಸ್ತಕದಿಂದ ಪರದೆಗೆ ಬರಬೇಕು. 2022ರಲ್ಲಿ ಹ್ಯಾಸ್‌ಬ್ರೋ ಡಿ ಅಂಡ್ ಡಿ ಬಿಯಾಂಡ್ ಎಂಬ ವೆಬ್ ಸೇವೆಯನ್ನು ಸುಮಾರು 14.6 ಕೋಟಿ ಡಾಲರ್ ಕೊಟ್ಟು ಕೊಂಡದ್ದನ್ನು ಹೀಗೆ ನೋಡಬೇಕು. ಅಲ್ಲಿ ಪಾತ್ರದ ಶೀಟ್, ಅಂದರೆ ಪಾತ್ರದ ವಿವರದ ಹಾಳೆ, ಮಾಡಬಹುದು, ದಾಳ ಉರುಳಿಸಬಹುದು, ಪುಸ್ತಕದ ಡಿಜಿಟಲ್ ಪ್ರತಿ ಕೊಳ್ಳಬಹುದು. ತುಂಬಾ ಅನುಕೂಲ, ನಿಜ. ಆದರೆ ಅಲ್ಲಿ ಕೊಂಡ ಪುಸ್ತಕ ಮನೆಯ ಕಪಾಟಿಗೆ ಬರುವುದಿಲ್ಲ. ಮರುಮಾರಾಟ ಮಾಡಲು ಆಗುವುದಿಲ್ಲ.

2023ರ ಜನವರಿಯಲ್ಲಿ ಓಜಿಎಲ್‌ನ ಹೊಸ ಕರಡು ಸೋರಿತು. ಹಳೆಯ ಒಪ್ಪಂದಕ್ಕೆ ಇನ್ನು ಅಧಿಕಾರವಿಲ್ಲ ಎಂಬ ಧಾಟಿ ಅದರಲ್ಲಿತ್ತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ಮೀರಿ ಗಳಿಸುವವರು ಆ ಮೇಲಿನ ಹಣದಲ್ಲಿ ಶೇ 25ರ ತನಕ ರಾಯಲ್ಟಿ ಕೊಡಬೇಕು ಎಂದೂ ಇತ್ತು. ಆಡುವವರು ಸಿಟ್ಟಾದರು, ಬಿಯಾಂಡ್ ಚಂದಾ ರದ್ದು ಮಾಡಿದರು. ಪೈಜೊ ಬೇರೆ ಪ್ರಕಾಶಕರ ಜೊತೆ ಸೇರಿ ಪ್ರತ್ಯೇಕ ಮುಕ್ತ ಒಪ್ಪಂದ ಮಾಡುತ್ತೇನೆ ಎಂದಿತು. ತಿಂಗಳು ಮುಗಿಯುವ ಮುಂಚೆ, ಜನವರಿ 27ರಂದು, ಕಂಪನಿ ಹಿಂದೆ ಸರಿಯಿತು. ಅಷ್ಟೇ ಅಲ್ಲ, 2014ರ ನಿಯಮಗಳ ಮುಕ್ತ ಪಠ್ಯವಾದ ಎಸ್ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿತು.

ಈ ಕೊನೆಯದು ಬಹಳ ಮುಖ್ಯ. ಕ್ರಿಯೇಟಿವ್ ಕಾಮನ್ಸ್‌ನ ಆ ಲೈಸೆನ್ಸ್ ವಾಪಸ್ ಪಡೆಯಲು ಬರುವುದಿಲ್ಲ. ಮೂಲದ ಹೆಸರು ಹೇಳಿದರೆ ಸಾಕು, ಪಠ್ಯವನ್ನು ಹಂಚಬಹುದು, ತಿದ್ದಬಹುದು, ಮಾರಲೂಬಹುದು. ಅಂದರೆ 2014ರ ಆಟದ ಬೆನ್ನೆಲುಬು ಇನ್ನು ಯಾರ ಕೈಯಲ್ಲೂ ಸಾಯುವುದಿಲ್ಲ. ಪೂರ್ತಿ ಆಟ ಅದರಲ್ಲಿಲ್ಲ, ಅದನ್ನೂ ಹೇಳಬೇಕು. ಸುಮಾರು 400 ಪುಟಗಳಿದ್ದರೂ ಪ್ರತಿ ಪಾತ್ರವರ್ಗಕ್ಕೆ ಒಂದೇ ಉಪವರ್ಗ, ಒಂದೇ ಒಂದು ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಕೌಶಲ), ಪಾತ್ರಕ್ಕೆ ಒಂದೇ ಹಿನ್ನೆಲೆ. ಊಟಕ್ಕೆ ಸಾಕು, ಹಬ್ಬಕ್ಕೆ ಸಾಲದು.

2024ರ ಆಗಸ್ಟ್‌ನಲ್ಲಿ ಇನ್ನೊಂದು ಪ್ರಸಂಗ. ಹೊಸ ಪುಸ್ತಕ ಬರುವ ಹೊತ್ತಿಗೆ ಬಿಯಾಂಡ್‌ನಲ್ಲಿ ಎಲ್ಲರ ಶೀಟ್‌ನಲ್ಲಿರುವ ಹಳೆಯ ಸ್ಪೆಲ್‌ಗಳು (ಮಂತ್ರಗಳು) ಮತ್ತು ಮಾಂತ್ರಿಕ ವಸ್ತುಗಳು ಹೊಸ ರೂಪಕ್ಕೆ ಬದಲಾಗುತ್ತವೆ ಎಂದು ಪ್ರಕಟಿಸಿದರು. ಹಳೆಯದು ಬೇಕಿದ್ದರೆ ನೀವೇ ಕೈಯಾರೆ ಮತ್ತೆ ತುಂಬಿಸಿಕೊಳ್ಳಿ ಅಂದರು. ದುಡ್ಡು ಕೊಟ್ಟು 2014ರ ಹ್ಯಾಂಡ್‌ಬುಕ್ ಕೊಂಡವರಿಗೂ ಇದೇ ಉತ್ತರ. ಮತ್ತೆ ಗಲಾಟೆಯಾಯಿತು, ಕೆಲವೇ ದಿನಗಳಲ್ಲಿ ನಿರ್ಧಾರ ಕೈಬಿಟ್ಟರು. ಕೈಬಿಟ್ಟದ್ದು ಒಳ್ಳೆಯದೇ. ಆದರೆ ಹಾಗೆ ಮಾಡಲು ಅವರಿಗೆ ಸಾಧ್ಯವಿತ್ತು ಎಂಬುದು ಎಲ್ಲರಿಗೂ ಕಾಣಿಸಿಬಿಟ್ಟಿತು. ಚಹಾ ಕಲೆಯ ಹ್ಯಾಂಡ್‌ಬುಕ್‌ಗೆ ಯಾರೂ ರಾತ್ರೋರಾತ್ರಿ ಹೀಗೆ ಮಾಡಲು ಆಗುವುದಿಲ್ಲ, ಅಲ್ವಾ?

ಇದಕ್ಕೆ ಹಳೆಯ ಉದಾಹರಣೆಯೂ ಇದೆ. ನಾಲ್ಕನೇ ಎಡಿಷನ್‌ನಲ್ಲಿ ಪಾತ್ರ ಕಟ್ಟುವುದು ದೊಡ್ಡ ಕೆಲಸ, ನೂರಾರು ಪವರ್‌ಗಳಲ್ಲಿ, ಅಂದರೆ ಪಾತ್ರದ ವಿದ್ಯೆಗಳಲ್ಲಿ, ಆರಿಸಬೇಕು. ಅದಕ್ಕೆ ಕಂಪನಿ ಚಂದಾ ಆಧಾರದ ಸಾಧನ ಕೊಟ್ಟಿತು. ಆಮೇಲೆ ಅದನ್ನು ವೆಬ್‌ಗೆ, ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಎಂಬ ಬ್ರೌಸರ್ ತಂತ್ರಾಂಶದ ಮೇಲೆ ಹಾಕಿತು. ಸಿಲ್ವರ್‌ಲೈಟ್‌ನ ಕಾಲ ಮುಗಿಯುತ್ತಾ ಬಂತು. 2020ರ ಆರಂಭದಲ್ಲಿ ಸಾಧನಗಳನ್ನು ಮುಚ್ಚಿದರು. 1978ರ ಹ್ಯಾಂಡ್‌ಬುಕ್ ಇದ್ದವರು ಇವತ್ತೂ ತೆರೆದು ಆಡಬಹುದು. 2010ರ ವೆಬ್ ಸಾಧನವನ್ನು ತೆರೆಯಲು ಆಗದು. ಹೊಸ ತಲೆಮಾರಿನ ಸಾಧನಗಳ ಆಯುಸ್ಸೂ ಅಷ್ಟಕ್ಕಷ್ಟೆ. ಸಿಗಿಲ್ ಎಂಬ ಮೂರು ಆಯಾಮದ ಡಿಜಿಟಲ್ ಟೇಬಲ್ 2025ರ ಆರಂಭದಲ್ಲಿ ಬಂತು, ಮಾರ್ಚ್‌ನಲ್ಲೇ ಅದರ ತಂಡದ ಬಹುಪಾಲು ಜನರನ್ನು ಕೆಲಸದಿಂದ ತೆಗೆದರು.

ಒಂದು ವಿಚಿತ್ರವೂ ಇದೆ. ಮೊದಲ ಎಡಿಷನ್‌ಗಳಿಂದ ನಾಲ್ಕನೆಯದರ ತನಕ ಹಳೆಯ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಕಾನೂನುಬದ್ಧವಾಗಿ ಸಿಗುತ್ತವೆ. 2009ರಲ್ಲಿ ಪೈರಸಿ ಹೆಸರಿನಲ್ಲಿ ಎಲ್ಲ ಪಿಡಿಎಫ್ ಮಾರಾಟ ನಿಲ್ಲಿಸಿದ್ದ ಕಂಪನಿ 2013ರಲ್ಲಿ ಮತ್ತೆ ಶುರುಮಾಡಿತು. ಆದರೆ ಐದನೆಯದರ ಮೂರು ಮುಖ್ಯ ಪುಸ್ತಕಗಳನ್ನು ಪಿಡಿಎಫ್ ಆಗಿ ಮಾರಿಲ್ಲ. ಮುದ್ರಿತ ಪ್ರತಿ ಕೊಳ್ಳಿ, ಇಲ್ಲ ಅವರ ಸರ್ವರ್‌ನಲ್ಲಿ ಓದಿ. ಹಾಗಾಗಿ 2014ರಲ್ಲಿ ಉಳಿಯಬೇಕು ಎನ್ನುವವರಿಗೆ ಕೈಯಲ್ಲಿರುವ ಮುದ್ರಿತ ಪ್ರತಿಗೆ ತುಂಬಾ ಬೆಲೆ.

ಟೇಬಲ್ ಮೇಲೆ ಏನು ಬದಲಾಯಿತು

ಇನ್ನು ನಿಯಮಗಳ ವಿಷಯ. ಹೊಸದು ಕೆಟ್ಟದಾಗಿದೆ ಎಂದು ಹೇಳುವವರನ್ನು ನಾನು ಪೂರ್ತಿ ನಂಬುವುದಿಲ್ಲ.

ದಣಿವಿನ ನಿಯಮ ನೋಡಿ. 2014ರಲ್ಲಿ ದಣಿವಿಗೆ ಆರು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಬೇರೆ ಬೇರೆ ಶಿಕ್ಷೆ. ಎರಡನೆಯದಕ್ಕೆ ವೇಗ ಅರ್ಧ, ನಾಲ್ಕನೆಯದಕ್ಕೆ ಆಯುಸ್ಸಿನ ಅಂಕ ಅರ್ಧ, ಹೀಗೆ. ಯಾರಿಗೂ ನೆನಪಿರುವುದಿಲ್ಲ, ಪ್ರತಿ ಸಲ ಪುಸ್ತಕ ತೆಗೆಯಬೇಕು. 2024ರಲ್ಲಿ ಪ್ರತಿ ಮೆಟ್ಟಿಲಿಗೆ ದಾಳದ ಫಲಿತಾಂಶದಿಂದ ಎರಡು ಕಳೆಯಿರಿ, ವೇಗದಲ್ಲಿ ಐದು ಅಡಿ ಕಳೆಯಿರಿ, ಆರನೆಯದಕ್ಕೆ ಸಾವು. ಮುಗಿಯಿತು. ಪ್ರಾಣಿಗಳನ್ನು ಕರೆಸುವ ಹಳೆಯ ಸ್ಪೆಲ್ ಎಂಟು ತೋಳಗಳನ್ನು ತಂದು ನಿಲ್ಲಿಸುತ್ತಿತ್ತು. ಎಂಟಕ್ಕೂ ಬೇರೆ ಬೇರೆ ದಾಳ. ಉಳಿದವರು ಆ ಹೊತ್ತಿಗೆ ಕೆಳಗಿಳಿದು ಗಿರಮಿಟ್ ತಿಂದು ಬರಬಹುದಿತ್ತು. ಹೊಸದರಲ್ಲಿ ಅದೊಂದೇ ಮಾಯೆಯ ಹಿಂಡು, ಲೆಕ್ಕ ಸುಲಭ. ಗಾಯ ವಾಸಿಯಾಗುವ ಔಷಧಿಯನ್ನು ಬೋನಸ್ ಆಕ್ಷನ್‌ನಲ್ಲಿ, ಅಂದರೆ ಸರದಿಯ ಮುಖ್ಯ ಕೆಲಸದ ಜೊತೆಗೆ ಸಿಗುವ ಸಣ್ಣ ಕೆಲಸದಲ್ಲಿ, ಕುಡಿಯಬಹುದು ಎಂಬ ಬದಲಾವಣೆಯಂತೂ ಎಷ್ಟೋ ಟೇಬಲ್‌ಗಳಲ್ಲಿ ಮನೆ ನಿಯಮವಾಗಿ ಮೊದಲೇ ಇತ್ತು. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮ್ 2014ರ ನಿಯಮದ ಮೇಲೆ ನಿಂತದ್ದಾದರೂ ಔಷಧಿಯ ವಿಷಯದಲ್ಲಿ ಇದೇ ದಾರಿ ಹಿಡಿದಿತ್ತು.

ಆದರೆ ಪ್ಯಾಲಡಿನ್, ಅಂದರೆ ದೈವಬಲದ ಯೋಧನ ಪಾತ್ರ, ಆಡುವವರನ್ನು ಕೇಳಿ ನೋಡಿ. ಹಳೆಯದರಲ್ಲಿ ಏಟು ತಗುಲಿತು ಅಂತ ಗೊತ್ತಾದ ಮೇಲೆ ತನ್ನ ದೈವಬಲ ಸುರಿದು ಹೊಡೆತ ಹೆಚ್ಚಿಸಬಹುದಿತ್ತು. ಒಂದೇ ಸರದಿಯಲ್ಲಿ ಎರಡು ಏಟು ಬಿದ್ದರೆ ಎರಡಕ್ಕೂ. ಹೊಸದರಲ್ಲಿ ಅದು ಸ್ಪೆಲ್ ಆಯಿತು, ಬೋನಸ್ ಆಕ್ಷನ್ ಬೇಕು, ಸರದಿಗೆ ಒಂದೇ. ಸಮತೋಲನದ ದೃಷ್ಟಿಯಿಂದ ಸರಿ ಇರಬಹುದು. ಎರಡು ವರ್ಷ ಒಂದೇ ಪಾತ್ರ ಆಡಿಕೊಂಡು ಬಂದವನಿಗೆ ಮಾತ್ರ "ಲೇ, ನನ್ನ ಕೈನೇ ಕಟ್ಟಿದ್ರಲ್ಲೋ" ಅನಿಸುತ್ತದೆ.

ಬದಲಾವಣೆಯ ನಿಜವಾದ ಭಾರ ಬೀಳುವುದು ಡಿಎಂ ಮೇಲೆ. ಅದೂ ಸ್ವಂತ ಕಥೆ ಕಟ್ಟುವ ಡಿಎಂ ಮೇಲೆ. ನಮ್ಮ ಭಾಗದಲ್ಲಿ ಅಂಥ ಕಥೆಗೆ ಕೊರತೆ ಇಲ್ಲ. ವಿಜಯಪುರವನ್ನೇ ತಗೊಳ್ಳಿ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನಗರಕ್ಕೆ ನೆಲದೊಳಗಿನ ಸುರಂಗಗಳಲ್ಲಿ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ಮೇಲಿನಿಂದ ಇಳಿಯುವ ಬಾವಿಗಳು, ಸುರಂಗ ಬಾವಡಿ. ಆಟದ ಹೆಸರಿನಲ್ಲೇ ಇರುವ ಡಂಜನ್ ಎಂದರೆ ಇನ್ನೇನು? ಅದರೊಳಗೆ ಏನಿದೆ ಎಂದು ಬರೆಯಲು ಕೂತ ಡಿಎಂ ಪ್ರತಿ ಕವಲಿಗೂ ಎಷ್ಟು ಶತ್ರುಗಳು, ಎಷ್ಟು ಬಲ ಎಂದು ಲೆಕ್ಕ ಹಾಕಿರುತ್ತಾನೆ. 2014ರ ಲೆಕ್ಕದಲ್ಲಿ ಶತ್ರುಗಳ ಸಂಖ್ಯೆ ಹೆಚ್ಚಾದಂತೆ ಒಂದು ಗುಣಕ ಬರುತ್ತದೆ. ಇಬ್ಬರಿದ್ದರೆ ಒಂದೂವರೆ ಪಟ್ಟು, ಮೂರರಿಂದ ಆರರ ತನಕ ಎರಡು ಪಟ್ಟು. 2024ರ ಗೈಡ್ ಈ ಗುಣಕವನ್ನು ತೆಗೆದುಹಾಕಿದೆ. ಲೆಕ್ಕ ಸರಳವಾಯಿತು, ಆದರೆ ಹಳೆಯ ನೋಟ್‌ಬುಕ್ ಪೂರ್ತಿ ಮತ್ತೆ ತಿದ್ದಬೇಕು. ರಾಕ್ಷಸರ ಅಂಕಗಳೂ ಹೊಸ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿ ಬದಲಾಗಿವೆ.

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ದೃಶ್ಯ ಇಟ್ಟರೆ ಇನ್ನೂ ಸೂಕ್ಷ್ಮ. ಕಳ್ಳನ ಪಾತ್ರದವನು ಅಡಗಬೇಕು. ಎದುರು ಗೋಡೆಯ ಪಕ್ಕ ಕಾವಲುಗಾರ. ಪಿಸುಮಾತೂ ಆ ಕಡೆ ಕೇಳಿಸುವ ಜಾಗ ಅದು. 2014ರಲ್ಲಿ ಅಡಗಲು ಸಾಧ್ಯವೋ ಇಲ್ಲವೋ ಎಂಬುದೇ ಡಿಎಂ ತೀರ್ಮಾನ, ಆಮೇಲೆ ಕಳ್ಳನ ದಾಳಕ್ಕೂ ಕಾವಲುಗಾರನ ಗಮನಶಕ್ತಿಗೂ ಸ್ಪರ್ಧೆ. 2024ರಲ್ಲಿ ಮೊದಲು ಎಲ್ಲರಿಗೂ ಒಂದೇ ಗೆರೆ: ದಾಳದ ಲೆಕ್ಕದಲ್ಲಿ 15 ಅಥವಾ ಹೆಚ್ಚು ಬರಬೇಕು. ಹೊಸಬ ಡಿಎಂಗೆ ಈ ಗೆರೆ ದೊಡ್ಡ ಸಹಾಯ. ಆ ಜಾಗವನ್ನು ಚಿಕ್ಕಂದಿನಿಂದ ನೋಡಿ, ಅಲ್ಲಿ ಕೂಗಿ, ವಾಚ್‌ಮನ್ ಕೈಲಿ ಬೈಸಿಕೊಂಡು ಬೆಳೆದ ಡಿಎಂಗೆ ಹಳೆಯ ಸಡಿಲಿಕೆಯೇ ಹಿತ. ಹೊಸದರಲ್ಲೂ ಸಂಖ್ಯೆ ಬದಲಿಸಲು ಅವನಿಗೆ ಅಧಿಕಾರ ಇದೆ. ಆದರೆ ಪುಸ್ತಕದಲ್ಲಿ ಅಂಕಿ ಅಚ್ಚಾಗಿದ್ದರೆ ಟೇಬಲ್‌ನಲ್ಲಿ ಒಬ್ಬ ಅದನ್ನು ತೆಗೆದು ತೋರಿಸಿಯೇ ತೋರಿಸುತ್ತಾನೆ.

ಎಲ್ಲ ಆಟಗಳಲ್ಲೂ ಎಡಿಷನ್ ಬದಲಾದರೆ ಇಷ್ಟು ರಾದ್ಧಾಂತ ಆಗುವುದಿಲ್ಲ. ಕಾಲ್ ಆಫ್ ಕ್ಥುಲ್ಹು ಎಂಬ ಇದೇ ತರದ, ಭಯದ ಕಥೆಗಳ ಆಟ 1981ರಿಂದ ಇದೆ, ಏಳನೇ ಎಡಿಷನ್‌ವರೆಗೆ ಬಂದಿದೆ. ನೂರರಲ್ಲಿ ಎಷ್ಟು ಎಂಬ ಶೇಕಡಾವಾರು ಲೆಕ್ಕ ಮೊದಲಿನಿಂದ ಹಾಗೇ ಉಳಿದಿದೆ. ಹಳೆಯ ಕಥೆಗಳನ್ನು ಸಣ್ಣ ತಿದ್ದುಪಡಿಯಲ್ಲಿ ಈಗಲೂ ಆಡಿಸುತ್ತಾರೆ.

ದುಡ್ಡು, ಮತ್ತೆ ಊರು ಬಿಟ್ಟವರು

ಹೊಸ ಮೂರು ಪುಸ್ತಕಕ್ಕೆ ಅಮೆರಿಕದಲ್ಲಿ ತಲಾ 49.99 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ ಒಂದಕ್ಕೆ ಸುಮಾರು 4,250, ಮೂರಕ್ಕೆ 12,750. ಹೊರದೇಶದಿಂದ ಬರುವ ಮುದ್ರಿತ ಪುಸ್ತಕಕ್ಕೆ 2019ರ ಬಜೆಟ್‌ನಿಂದ ಶೇ 5 ಆಮದು ಸುಂಕವೂ ಇದೆ. ಕಾಲೇಜು ಹುಡುಗರ ಟೇಬಲ್‌ಗೆ ಇದು ಸಣ್ಣ ಮೊತ್ತವಲ್ಲ. ಅದೂ ಮನೆಯಲ್ಲಿ "ಆಟದ ಬುಕ್ಕಿಗೆ ಇಷ್ಟು ರೊಕ್ಕ ಏನೋ?" ಎಂದು ಕೇಳುವ ಅವ್ವ ಇದ್ದಾಗ. ಹೊಸ ಎಡಿಷನ್‌ಗೆ ನಿಜವಾದ ಎದುರಾಳಿ ಹಳೆ ಎಡಿಷನ್ ಅಲ್ಲ, ಸೆಮಿಸ್ಟರ್ ಫೀ.

ಹಾಗಾದರೆ ಹಳೆಯದರಲ್ಲಿ ಉಳಿದರೆ ನಷ್ಟವೇ ಇಲ್ಲವಾ? ಇದೆ. ಇನ್ನು ಬರುವ ಅಧಿಕೃತ ಸಾಹಸಗಳೆಲ್ಲ 2024ರ ಅಂಕಗಳಲ್ಲಿ ಬರುತ್ತವೆ. ಹಳೆಯ ಪ್ರತಿ ಹಾಳಾದರೆ ಇನ್ನೊಂದು ಹುಡುಕುವುದು ಕಷ್ಟವಾಗುತ್ತಾ ಹೋಗುತ್ತದೆ. ಇವೆರಡನ್ನೂ ಹೇಗೋ ನಿಭಾಯಿಸಬಹುದು. ನಿಭಾಯಿಸಲು ಕಷ್ಟವಾದದ್ದು ಜನರ ವಿಷಯ.

ಬೆಳಗಾವಿಯಲ್ಲಿ ಕಲಿತವರು ಬೆಳಗಾವಿಯಲ್ಲೇ ಉಳಿಯುವುದಿಲ್ಲ. ಡಿಗ್ರಿ ಮುಗಿಯುತ್ತಿದ್ದಂತೆ ಪುಣೆಗೆ, ಬೆಂಗಳೂರಿಗೆ ಹೋಗುತ್ತಾರೆ. ಟೇಬಲ್ ಒಡೆಯಬಾರದು ಎಂದರೆ ಆಟ ಆನ್‌ಲೈನ್‌ಗೆ ಹೋಗಬೇಕು. ಅಲ್ಲಿಗೆ ಹೋದ ಕೂಡಲೇ ಪುಸ್ತಕದ ಕಪಾಟಿನ ಬಲ ಕಡಿಮೆಯಾಗುತ್ತದೆ, ಸಾಫ್ಟ್‌ವೇರ್ ಏನು ತೋರಿಸುತ್ತದೋ ಅದೇ ನಿಯಮವಾಗುತ್ತದೆ. ಫೌಂಡ್ರಿಯಂಥ ವರ್ಚುವಲ್ ಟೇಬಲ್‌ನಲ್ಲಿ ಹಳೆ ನಿಯಮವೋ ಹೊಸ ನಿಯಮವೋ ಎಂದು ಆರಿಸಿಕೊಳ್ಳುವ ಅವಕಾಶ ಇದೆ, ಅದು ಸಮಾಧಾನ. ಆದರೆ ಬೆಂಗಳೂರಿನಲ್ಲಿ ಬೇರೆ ಟೇಬಲ್‌ಗೂ ಸೇರಿಕೊಂಡ ಗೆಳೆಯ ಅಲ್ಲಿ 2024 ಕಲಿತು ಬರುತ್ತಾನೆ. ಭಾನುವಾರ ನಮ್ಮ ಜೊತೆ ಕೂತಾಗ ಅವನಿಗೆ ಎರಡು ನಿಯಮ ತಲೆಯಲ್ಲಿ. "ಇಲ್ಲಿ ಕೊಡಲಿ ಬೀಸಿದ್ರ ಅವನು ಬೀಳ್ತಾನೋ ಇಲ್ಲೋ?" ಎಂದು ಕೇಳುತ್ತಾನೆ. ಹೊಸ ನಿಯಮದಲ್ಲಿ ಕೆಲವು ಆಯುಧಗಳಿಗೆ ಎದುರಾಳಿಯನ್ನು ಕೆಡವುವ, ತಳ್ಳುವ ಗುಣ ಇದೆ. ಹಳೆಯದರಲ್ಲಿ ಇಲ್ಲ. ತಪ್ಪು ಅವನದಲ್ಲ.

ಇದಕ್ಕೆ ಬಹುತೇಕ ಟೇಬಲ್‌ಗಳು ಹಿಡಿಯುವ ದಾರಿ ಎಂದರೆ ಎರಡನ್ನೂ ಕಲಸುವುದು. ಔಷಧಿ, ದಣಿವು, ತೋಳದ ಹಿಂಡು ಹೊಸದರಿಂದ. ಪ್ಯಾಲಡಿನ್ ಹಳೆಯದು. ಕಂಪನಿಯೂ ಹೊಂದಾಣಿಕೆಯಾಗುತ್ತದೆ ಎಂದೇ ಹೇಳುತ್ತದೆ. ನನಗೆ ಇದರಲ್ಲಿ ಸ್ವಲ್ಪ ಅನುಮಾನ. ಎರಡು ಮೂರು ನಿಯಮ ಎರವಲು ತಂದರೆ ಚಂದ. ಹತ್ತು ತಂದರೆ 2014ರದ್ದೂ ಅಲ್ಲದ, 2024ರದ್ದೂ ಅಲ್ಲದ, ಯಾರಿಗೂ ಪೂರ್ತಿ ಗೊತ್ತಿಲ್ಲದ ಇನ್ನೊಂದು ಆಟ ಹುಟ್ಟುತ್ತದೆ, ಅದಕ್ಕೆ ಪುಸ್ತಕವೂ ಇರುವುದಿಲ್ಲ. ಎರವಲು ತಂದದ್ದನ್ನು ಒಂದು ಹಾಳೆಯಲ್ಲಿ ಬರೆದು, ಡಿಎಂ ತನ್ನ ಮುಂದೆ ನಿಲ್ಲಿಸಿಕೊಳ್ಳುವ ರಟ್ಟಿನ ಪರದೆಗೆ ಅಂಟಿಸಿ. ಹಾಳೆ ತುಂಬಿದರೆ ಹೊಸ ಪುಸ್ತಕಕ್ಕೇ ಹೋಗುವ ಸಮಯ ಬಂತು ಎಂದು ತಿಳಿಯಿರಿ.

ಕಥೆ ನಡುವೆ ಇರುವ ಟೇಬಲ್ ಎಡಿಷನ್ ಬದಲಿಸುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕಥೆ ಮುಗಿಯಲಿ, ಸುರಂಗ ಬಾವಡಿಯಿಂದ ಎಲ್ಲರೂ ಮೇಲೆ ಬರಲಿ, ಇಲ್ಲ ಅಲ್ಲೇ ಸಾಯಲಿ. ಮುಂದಿನ ಕಥೆಗೆ ಯಾವ ಪುಸ್ತಕ ಎಂದು ಆಗ ಕೇಳಿಕೊಂಡರಾಯಿತು.

ಹೊಸಬರ ವಿಷಯದಲ್ಲಿ ಮಾತ್ರ ನನ್ನ ಉತ್ತರ ತಿರುವುಮುರುವು. ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಯಾರೂ ಈ ಆಟ ಆಡಿರದ ಒಂದು ಗುಂಪು ಇವತ್ತು ಶುರುಮಾಡುತ್ತದೆ ಎಂದುಕೊಳ್ಳಿ. ಅವರಿಗೆ ಬಿಡಲು ಹಳೆಯದೇನೂ ಇಲ್ಲ. 2025ರ ಏಪ್ರಿಲ್‌ನಲ್ಲಿ 2024ರ ನಿಯಮಗಳ ಮುಕ್ತ ಪಠ್ಯ ಎಸ್ಆರ್‌ಡಿ 5.2 ಕೂಡ ಅದೇ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಂದಿದೆ. ಅದರಲ್ಲಿ ಮುಖ್ಯ ನಿಯಮಗಳನ್ನು ಅಕ್ಷರಕ್ರಮದಲ್ಲಿ ವಿವರಿಸುವ ಒಂದು ಭಾಗ ಇದೆ. 5.1ರಲ್ಲಿ ಒಂದೇ ನಿಯಮಕ್ಕೆ ಮೂರು ಕಡೆ ಹುಡುಕಬೇಕು. 5.1 ಅನ್ನು ಕಂಪನಿಯೇ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್‌ಗೆ ತಂದಿತ್ತು. ಲೈಸೆನ್ಸ್ ಪ್ರಕಾರ ಕನ್ನಡಕ್ಕೆ ತರಲು ಯಾರ ಅನುಮತಿಯೂ ಬೇಕಿಲ್ಲ, ಮೂಲದ ಹೆಸರು ಹಾಕಿದರೆ ಸಾಕು. ನಾನು 2014ರಲ್ಲೇ ಆಡುವವನು. ಆದರೂ ಯಾರಾದರೂ ಕನ್ನಡಕ್ಕೆ ತರುತ್ತೇನೆ ಎಂದು ಕೂತರೆ 5.2 ಅನ್ನೇ ಕೈಗೆ ಕೊಡುತ್ತೇನೆ, ಆ ಅಕ್ಷರಕ್ರಮದ ಭಾಗದಿಂದಲೇ ಶುರುಮಾಡಿ ಎನ್ನುತ್ತೇನೆ.